ಹುಟ್ಟಿದ ದಿನಾಂಕದ ಕಾಲಂ

ಮಾನವ ಸಂಪನ್ಮೂಲ ವಿಭಾಗಕ್ಕೆ ಬಂದ ಮೊದಲ ವರ್ಷಗಳಲ್ಲಿ ಆಡಳಿತ ಮಂಡಳಿಯ ಮುಂದೆ ನಾನು ಇಡುತ್ತಿದ್ದದ್ದು ಒಂದೇ ಅಂಕಿ. ವರ್ಷದಲ್ಲಿ ಕೆಲಸ ಬಿಟ್ಟವರನ್ನು ಸರಾಸರಿ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿದರೆ ಬರುವ ಶೇಕಡಾವಾರು. ಅದು ಕಡಿಮೆಯೇ ಇರುತ್ತಿತ್ತು. ಸಭೆ ನೆಮ್ಮದಿಯಿಂದ ಮುಗಿಯುತ್ತಿತ್ತು.

ಹಾಗಿರುವಾಗ ಬಾಯ್ಲರ್ ವಿಭಾಗದ ಮೂವರು ಹಿರಿಯ ಆಪರೇಟರುಗಳು ಒಂದೇ ವರ್ಷದಲ್ಲಿ ನಿವೃತ್ತರಾದರು. ಪರವಾನಗಿ ಬೇಕಾದ ಕೆಲಸ ಅದು. ಜಾಹೀರಾತು ಕೊಟ್ಟ ತಿಂಗಳಿಗೆಲ್ಲ ಪಳಗಿದ ಕೈ ಸಿಗುವುದಿಲ್ಲ. ಉಳಿದ ಇಬ್ಬರು ವಾರದ ರಜೆಯನ್ನೂ ಬಿಟ್ಟು ತಿಂಗಳುಗಟ್ಟಲೆ ದುಡಿದರು. ನಿವೃತ್ತರಾದ ಮೂವರ ಹುಟ್ಟಿದ ದಿನಾಂಕವೂ ಅವರು ಸೇರಿದ ದಿನದಿಂದ ನಮ್ಮ ಕಡತದಲ್ಲೇ ಇತ್ತು. ಆ ಕಾಲಂ ಅನ್ನು ಕ್ರಮವಾಗಿ ಜೋಡಿಸಿ ನೋಡಲು ಒಂದು ನಿಮಿಷ ಸಾಕಿತ್ತು. ನಾನು ನೋಡಿರಲಿಲ್ಲ. ಆ ಇಬ್ಬರು ಎದುರಾದಾಗ ಈಗಲೂ ಮನಸ್ಸು ಚುಚ್ಚುತ್ತದೆ.

ಅಂದಿನಿಂದ ಶೇಕಡಾವಾರಿನ ಮೇಲಿನ ನಂಬಿಕೆ ಹೋಯಿತು. ನೂರು ಜನರಲ್ಲಿ 12 ಮಂದಿ ಬಿಟ್ಟರೆ ಶೇ 12. ಆ ಹನ್ನೆರಡೂ ಮಂದಿ ಒಂದೇ ಪಾಳಿಯವರಾಗಿದ್ದರೂ ಶೇ 12. ಹಾಗಾಗಿ ಪ್ರತಿಯೊಬ್ಬರೂ ಸೇರಿದ ಎಷ್ಟನೆಯ ತಿಂಗಳಿಗೆ ಬಿಟ್ಟರು ಎಂದು ಲೆಕ್ಕ ಹಾಕತೊಡಗಿದೆ. ಇಲ್ಲಿಯೂ ಒಮ್ಮೆ ಎಡವಿದೆ: ಬಿಟ್ಟುಹೋದವರ ಸೇವಾವಧಿಯನ್ನಷ್ಟೇ ಸರಾಸರಿ ಮಾಡಿದ್ದೆ. ಇನ್ನೂ ಕೆಲಸದಲ್ಲಿರುವವರನ್ನು ಹೊರಗಿಟ್ಟರೆ ಚಿತ್ರ ವಾಸ್ತವಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ವೈದ್ಯಕೀಯ ಸಂಶೋಧನೆಯಲ್ಲಿ ಬಹಳ ಬಳಕೆಯಲ್ಲಿರುವ ಕಪ್ಲಾನ್–ಮಯರ್ ವಿಧಾನ (1958) ಇಂಥ ಅಪೂರ್ಣ ಅವಧಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರಂತೆ, ಸೇರಿದವರಲ್ಲಿ ಎಷ್ಟು ಪಾಲು ಜನ ಇನ್ನೂ ಉಳಿದಿದ್ದಾರೆ ಎಂದು ತಿಂಗಳುವಾರು ತೋರಿಸುವ ಗೆರೆ ಎಳೆದಾಗ ಮೂರನೆಯ ಮತ್ತು ಐದನೆಯ ತಿಂಗಳ ನಡುವೆ ಗೆರೆ ಕಡಿದಾಗಿ ಇಳಿದಿತ್ತು.

ಏಕೆ ಎಂದು ಅಂಕಿ ಹೇಳಲಿಲ್ಲ. ಹಾಳೆ ಹಿಡಿದು ಮೇಲ್ವಿಚಾರಕರ ಬಳಿ ಹೋದೆ. "ಸರ್, ತರಬೇತಿ ಮುಗಿಯುವ ಮೊದಲೇ ಹುಡುಗರನ್ನು ರಾತ್ರಿ ಪಾಳಿಗೆ ಒಬ್ಬೊಬ್ಬರನ್ನೇ ಹಾಕುತ್ತೇವೆ. ಏನಾದರೂ ಕೆಟ್ಟರೆ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ" ಎಂದರು. ಪಾಳಿ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ಅವರ ಮಾತು ಅಕ್ಷರಶಃ ನಿಜವಾಗಿತ್ತು. ಈಗ ಮೊದಲ ಆರು ತಿಂಗಳು ಹೊಸಬರನ್ನು ಹಿರಿಯರೊಬ್ಬರ ಜೊತೆಗೇ ಹಾಕುತ್ತೇವೆ. ಆ ಇಳಿಜಾರು ಪೂರ್ತಿ ಹೋಗಿಲ್ಲ, ಆದರೆ ಮೊದಲಿನಷ್ಟು ಕಡಿದಾಗಿಲ್ಲ.

ಯಾರು ಕೆಲಸ ಬಿಡಬಹುದು ಎಂದು ಒಬ್ಬೊಬ್ಬರಿಗೂ ಅಂಕ ಕೊಡುವ ತಂತ್ರಾಂಶವನ್ನು ತರೋಣ ಎಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಅಂಥ ಅಂಕ ಮೇಲಧಿಕಾರಿಯ ಕೈಗೆ ಸಿಕ್ಕರೆ ಆ ವ್ಯಕ್ತಿಯ ಬಡ್ತಿ, ತರಬೇತಿ ಎಲ್ಲಕ್ಕೂ ಕುತ್ತು ಬರುತ್ತದೆ. ಪಾಳಿ ಸರಿಯಿಲ್ಲದಿದ್ದರೆ ಪಾಳಿಯನ್ನು ಸರಿಪಡಿಸಬೇಕು.

ಈಗ ಮೂರು ತಿಂಗಳಿಗೊಮ್ಮೆ ಒಂದು ಹಾಳೆ ತುಂಬಿಸುತ್ತೇವೆ. ಮೊದಲ ಕಾಲಂ: ತಪ್ಪಿಸಲಾಗದ ಕೆಲಸ. ಎರಡನೆಯದು: ಅದನ್ನು ಬಲ್ಲವರು, ಅವರ ನಿವೃತ್ತಿಯ ವರ್ಷ. ಮೂರನೆಯದು: ಕಲಿಯುತ್ತಿರುವವರು. ಇದನ್ನು ಕಂಪ್ಯೂಟರಿನ ಮುಂದೆ ಕುಳಿತು ತುಂಬಿಸಲಾಗುವುದಿಲ್ಲ, "ಇವರು ನಾಳೆ ಬಾರದಿದ್ದರೆ ಯಾರು ಮಾಡುತ್ತಾರೆ?" ಎಂದು ವಿಭಾಗ ವಿಭಾಗಕ್ಕೆ ಹೋಗಿ ಕೇಳಬೇಕು. ಬಾಯ್ಲರ್ ಸಾಲಿನ ಮೂರನೆಯ ಕಾಲಂನಲ್ಲಿ ಈಗ ಎರಡು ಹೆಸರುಗಳಿವೆ. ಬೆಸುಗೆ ವಿಭಾಗದ್ದು ಇನ್ನೂ ಖಾಲಿ. ನಾಳೆ ಬೆಳಗಿನ ಪಾಳಿಗೆ ಮೊದಲು ಅಲ್ಲಿಗೇ ಹೋಗಬೇಕು.