ಯಾವ ಕ್ಯಾಡ್ ಸಾಫ್ಟ್‌ವೇರ್ ಒಳ್ಳೇದು ಅಂತ ಕೇಳೋರಿಗೆಲ್ಲ ಒಂದೇ ಸಲ ಹೇಳ್ಬಿಡ್ತೀನಿ

ಪ್ರಶ್ನೆ ಇದು: "ನಾನು ಹೊಸಬ, ಬರೀ ಹವ್ಯಾಸಕ್ಕೆ, ಜಾಸ್ತಿ ದುಡ್ಡು ಹಾಕೋಕಾಗಲ್ಲ, ಥ್ರೀಡಿ ಡಿಸೈನ್ ಮಾಡೋಕೆ ಯಾವ ಸಾಫ್ಟ್‌ವೇರ್ ಹಾಕ್ಕೊಳ್ಲಿ?" (ಕ್ಯಾಡ್ ಅಂದ್ರೆ ಕಂಪ್ಯೂಟರಲ್ಲಿ ಅಳತೆ ಹಾಕಿ ಡಿಸೈನ್ ಮಾಡೋದು.) ನಾನೇನು ಇಂಜಿನಿಯರ್ ಅಲ್ಲ, ಯಾವ ಕಂಪನಿ ಏಜೆಂಟೂ ಅಲ್ಲ, ಮನೇಲೊಂದು ಥ್ರೀಡಿ ಪ್ರಿಂಟರ್ (ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತು ಮಾಡೋ ಮೆಷಿನ್) ಇಟ್ಕೊಂಡು ಮುರಿದಿರೋ ಸಾಮಾನಿಗೆ ತುಂಡು ತುಣುಕು ಮಾಡಿ ಹಾಕ್ಕೊಳ್ಳೋನು. ಅದು ಹೇಗೋ ಸುದ್ದಿಯಾಗಿ ವಾರಕ್ಕೊಬ್ರಾದ್ರೂ ಕೇಳ್ತಾರೆ. ಮೊದಮೊದಲು ಖುಷಿಯಾಗ್ತಿತ್ತು, ಅರ್ಧ ಗಂಟೆ ಕೂತು ಹೇಳ್ತಿದ್ದೆ. ಈಗ ಫೋನಲ್ಲಿ "ಕ್ಯಾಡ್" ಅಂತ ಕೇಳಿಸಿದ ತಕ್ಷಣ ನೆಟ್‌ವರ್ಕ್ ಸರಿ ಇಲ್ಲ ಅಂತೀನಿ.

ಉತ್ತರ: ಫ್ರೀಕ್ಯಾಡ್ ಹಾಕ್ಕೊಳ್ಳಿ. ಲ್ಯಾಪ್‌ಟಾಪ್ ತೀರಾ ಹಳೇದು ಅಂದ್ರೆ ಬ್ರೌಸರಲ್ಲೇ ಓಡೋ ಆನ್‌ಶೇಪ್. ಮನೇಲಿ ಮಗು ಇದೆ, ಇಬ್ರೂ ಕೂತು ಆಡ್ತೀವಿ ಅಂದ್ರೆ ಟಿಂಕರ್‌ಕ್ಯಾಡ್. ಆಯ್ತು, ಹೊರಡಿ.

ಹೊರಡಲ್ಲ ಅಂತ ಗೊತ್ತು. ಮುಂದಿನ ಮಾತು ರೆಡಿ ಇರುತ್ತೆ: "ಅಲ್ಲ ಸಾರ್, ಆಟೋಕ್ಯಾಡ್ ಬೇಡ್ವಾ?" ನಮ್ಮಲ್ಲಿ ಯಾವ ಮೆಷಿನ್ನಲ್ಲಿ ಕಾಪಿ ತೆಗೆದ್ರೂ ಜೆರಾಕ್ಸ್ ಅನ್ನೋ ಹಾಗೆ ಕಂಪ್ಯೂಟರಲ್ಲಿ ಗೆರೆ ಎಳೆದ್ರೆ ಅದು ಆಟೋಕ್ಯಾಡೇ. 1982ರಲ್ಲಿ ಬಂದಿದ್ದು, ಮನೆ ಪ್ಲ್ಯಾನ್ ಹಾಕೋರು ಇವತ್ತಿಗೂ ಅದರಲ್ಲೇ ಹಾಕೋದು, ಸರಿ, ಆದ್ರೆ ನೀವು ಮಾಡ್ತಿರೋದು ಮನೆ ಪ್ಲ್ಯಾನ್ ಅಲ್ಲ, ಮತ್ತೆ ಅದರ ವರ್ಷದ ಬಾಡಿಗೆ ನೋಡಿದ್ರೆ ನಿಮ್ಮ ಹವ್ಯಾಸ ಅಲ್ಲಿಗೇ ಮುಗಿಯುತ್ತೆ. ಬರೀ ಚಪ್ಪಟೆ ಡ್ರಾಯಿಂಗ್ ಸಾಕು, ಲೇಸರಲ್ಲಿ ಕಟ್ ಮಾಡಿಸ್ತೀನಿ ಅಂದ್ರೆ ಲಿಬ್ರೆಕ್ಯಾಡ್ ಇದೆ, ಪೂರ್ತಿ ಫ್ರೀ.

ಇನ್ನೊಬ್ರು ಬರ್ತಾರೆ, "ಬ್ಲೆಂಡರ್ ಕೂಡ ಫ್ರೀ ಅಲ್ವಾ?" ಫ್ರೀನೇ, ಅದ್ಭುತವಾಗಿದೆ ಕೂಡ, ಆದ್ರೆ ಅದು ಮಣ್ಣು ತಿದ್ದಿದ ಹಾಗೆ ಆಕಾರ ತಿದ್ದೋಕೆ, ಅಳತೆ ಹಿಡಿದು ಮಾಡೋಕಲ್ಲ. ಗಣಪತಿ ಮಾಡ್ಬೇಕು ಅಂದ್ರೆ ಬ್ಲೆಂಡರ್, ಗಣಪತಿ ಕೂರ್ಸೋ ಮಂಟಪ ಮಾಡ್ಬೇಕು ಅಂದ್ರೆ ಕ್ಯಾಡ್. ಇದಕ್ಕಿಂತ ಬಿಡಿಸಿ ಹೇಳೋಕೆ ನನಗೆ ಬರಲ್ಲ.

ಮೂರನೆಯೋರು ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿ "ಸಾಲಿಡ್‌ವರ್ಕ್ಸ್ ಕ್ರ್ಯಾಕ್ ಇದ್ರೆ ಪೆನ್‌ಡ್ರೈವಿಗೆ ಹಾಕ್ಕೊಡಿ" ಅಂತಾರೆ. ಅದು ಕಂಪನಿಗಳು ಬಳಸೋ ದುಬಾರಿ ಕ್ಯಾಡ್, ಇವರು ಕೇಳೋದು ಅದರ ಕದ್ದ ಕಾಪಿ. ಇಲ್ಲ. ಇದ್ರೂ ಕೊಡಲ್ಲ. ಹವ್ಯಾಸದೋರಿಗೆ ಅಂತಾನೇ ಅದರ ಮೇಕರ್ಸ್ ಆವೃತ್ತಿ ಇದೆ, ನಾನು ನೋಡಿದಾಗ ವರ್ಷಕ್ಕೆ 48 ಡಾಲರ್, ಅಂದ್ರೆ ಸುಮಾರು ನಾಲ್ಕು ಸಾವಿರ ರೂಪಾಯಿ. ಸೀಮೆನ್ಸ್‌ನೋರ ಸಾಲಿಡ್ ಎಡ್ಜ್‌ಗೆ ಕಮ್ಯುನಿಟಿ ಎಡಿಷನ್ ಇದೆ, ಅದಕ್ಕೆ ಆ ನಾಲ್ಕು ಸಾವಿರವೂ ಬೇಡ. ಡ್ರಾಯಿಂಗ್ ಶೀಟ್ ಮೇಲೆ ವಾಟರ್‌ಮಾರ್ಕ್ ಬರುತ್ತೆ, ಅದರ ಫೈಲು ದುಡ್ಡು ಕೊಟ್ಟು ತಗೊಂಡಿರೋ ಆವೃತ್ತೀಲಿ ತೆಗೆಯಲ್ಲ, ಬಂದ್ರೆ ಬರ್ಲಿ, ನಿಮಗೇನು ಕಷ್ಟ? ವಿಟಿಯು ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್ ಲ್ಯಾಬಲ್ಲಿ ಸಾಲಿಡ್ ಎಡ್ಜ್ ಮುಂದೆ ಕೂತು ನಿದ್ದೆ ಮಾಡಿದೋರು ಈ ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಲ್ಲೇ ಒಬ್ರನ್ನ ಹಿಡ್ಕೊಂಡು ಕೇಳಿ, ನನ್ನನ್ನ ಬಿಡಿ. ಪುಕ್ಕಟೆ ಸಿಗೋದನ್ನ ಕದಿಯೋ ಶ್ರಮ ಯಾಕೆ ಅಂತ.

ಅಂದ ಹಾಗೆ ಈ ಸಾಲಿಡ್‌ವರ್ಕ್ಸ್ ಶುರು ಮಾಡಿದ ಜಾನ್ ಹಿರ್ಶ್‌ಟಿಕ್ ಅಮೆರಿಕದ ಎಂಐಟಿ ಕಾಲೇಜಿನ ಬ್ಲ್ಯಾಕ್‌ಜಾಕ್ ತಂಡದಲ್ಲಿ ಇಸ್ಪೀಟಾಡಿ ಗೆದ್ದ ದುಡ್ಡು ಹಾಕಿ 1993ರಲ್ಲಿ ಕಂಪನಿ ಕಟ್ಟಿದ್ದು. ಅದೇ ಮನುಷ್ಯ ಆಮೇಲೆ ಆನ್‌ಶೇಪ್ ಕಂಪನಿ ಕಟ್ಟಿದ. ನಮ್ಮೂರ ಕಡೆ ಇಸ್ಪೀಟಾಡಿ ಗದ್ದೆ ಮಾರ್ಕೊಂಡೋರು ಮಾತ್ರ ನನಗೆ ಗೊತ್ತು.

ಸರಿ, ಇದನ್ನ ಬರೆಯೋಕೆ ಕೂತಿದ್ದು ಯಾಕೆ ಅಂದ್ರೆ ಅರಸೀಕೆರೆ ಹತ್ರ ಒಂದು ಮದುವೆ. ಪಂಕ್ತೀಲಿ ಕೂತಿದೀನಿ, ಎಲೆಗೆ ಒಬ್ಬಟ್ಟು ಬಿದ್ದಿದೆ, ತುಪ್ಪದವನು ಎರಡು ಎಲೆ ಆಚೆ ಇದಾನೆ, ಆಗ ಪಕ್ಕದಲ್ಲಿದ್ದ ನನ್ನ ಹೆಂಡತಿಯ ಸೋದರಮಾವ ನನ್ನ ಕಡೆ ತಿರುಗಿದ್ರು. ಕರೆಂಟ್ ಆಫೀಸಲ್ಲಿ ಕೆಲಸ ಮಾಡಿ ರಿಟೈರ್ ಆದೋರು. ಮಗ ಒಂದು ಪ್ರಿಂಟರ್ ತಗೊಂಡು ಎರಡು ತಿಂಗಳು ಆಡಿ ಬೇಜಾರಾಗಿ ಇವರ ಮನೇಲಿ ಇಟ್ಟು ಹೋಗಿದಾನೆ. "ಅಳಿಯಂದ್ರೇ, ಯಾವ ಸಾಫ್ಟ್‌ವೇರು ಬೆಸ್ಟು, ಒಂದೇ ಮಾತಲ್ಲಿ ಹೇಳಿ."

"ಏನು ಮಾಡ್ಬೇಕು ಅಂತಿದೀರಿ ಮಾವ?"

"ಅದೆಲ್ಲ ಆಮೇಲೆ. ಸಾಫ್ಟ್‌ವೇರ್ ಯಾವ್ದು?"

ನೋಡಿ, ಇಲ್ಲೇ ನನಗೆ ತಲೆ ಕೆಡೋದು. ಬಟ್ಟೆ ಅಂಗಡಿಗೆ ಹೋಗಿ ಯಾವ ಬಟ್ಟೆ ಬೆಸ್ಟು ಅಂತ ಯಾರಾದ್ರೂ ಕೇಳ್ತಾರಾ, ಪಂಚೆಗಾ ಪರದೆಗಾ ಅಂತ ಹೇಳ್ದೆ? ಆದ್ರೆ ತುಪ್ಪದವನು ಬಂದೇಬಿಟ್ಟ, ನಾನು ಬಾಯಿಗೆ ಬಂದಿದ್ದು "ಫ್ರೀಕ್ಯಾಡ್" ಅಂದೆ, ಒಬ್ಬಟ್ಟು ಮುರಿದೆ. ಮೂರನೇ ದಿನ ಬೆಳಗ್ಗೆ ಆರೂವರೆಗೆ ಫೋನು. "ಏನ್ರೀ ಅಳಿಯಂದ್ರೇ, ಒಂದು ಡಬ್ಬಿ ಬರೆಯೋಕಾಗ್ತಿಲ್ಲ ಇದ್ರಲ್ಲಿ! ವರ್ಕ್‌ಬೆಂಚ್ ಅಂತೆ, ಬಾಡಿ ಅಂತೆ, ಸ್ಕೆಚ್ ಅಂತೆ, ಯಾರಿಗೆ ಬೇಕು ಇವೆಲ್ಲ?"

ಅವರ ಸಿಟ್ಟಲ್ಲಿ ತಪ್ಪಿಲ್ಲ, ಒಪ್ಕೋತೀನಿ. ಫ್ರೀಕ್ಯಾಡ್ ಮೊದಲ ದಿನ ಯಾರಿಗೂ ಮರ್ಯಾದೆ ಕೊಡಲ್ಲ. 2002ರಿಂದ ಅವರಿವರು ಸೇರ್ಕೊಂಡು ಕಟ್ತಾ ಬಂದಿರೋದು, ಒಬ್ಬೊಬ್ಬರು ಒಂದೊಂದು ಕೋಣೆ ಕಟ್ಟಿದ ಹಳೇ ಮನೆ ಥರ, ಬಚ್ಚಲು ಎಲ್ಲಿದೆ ಅಂತ ಹುಡುಕ್ಬೇಕು. 1.0 ಅನ್ನೋ ನಂಬರ್ ಬರೋಕೆ 2024ರ ನವೆಂಬರ್ ತನಕ ಕಾಯ್ಬೇಕಾಯ್ತು. ಅದಕ್ಕೆ ಮುಂಚೆ ಒಂದು ದೊಡ್ಡ ಕಾಟ ಇತ್ತು. ನೀವು ಆರನೇ ಅಂಚನ್ನ ದುಂಡಗೆ ಮಾಡು ಅಂತ ಹೇಳಿರ್ತೀರ, ಆಮೇಲೆ ಹಿಂದೆ ಹೋಗಿ ಎಲ್ಲೋ ಒಂದು ತೂತು ಹಾಕ್ತೀರ, ಅಂಚುಗಳ ನಂಬರೆಲ್ಲ ಬದಲಾಗಿ ಬೇರೆ ಯಾವುದೋ ಅಂಚು ದುಂಡಗಾಗಿ ಕೂತಿರೋದು, ಇಲ್ಲಾ ಮಾಡೆಲ್ಲೇ ಚಿಂದಿ. "ಎಡಗಡೆ ಆರನೇ ಮನೆ" ಅಂತ ವಿಳಾಸ ಕೊಟ್ಟಿರ್ತೀರ, ಮಧ್ಯೆ ಖಾಲಿ ಸೈಟಲ್ಲಿ ಇನ್ನೊಂದು ಮನೆ ಎದ್ದು ಪೋಸ್ಟ್‌ಮ್ಯಾನ್ ಪಕ್ಕದ ಮನೆಗೆ ಕಾಗದ ಹಾಕ್ತಾನಲ್ಲ, ಹಾಗೆ. 1.0ರಲ್ಲಿ ಅದನ್ನ ಬಹುಮಟ್ಟಿಗೆ ಸರಿ ಮಾಡಿದಾರೆ. ಅದಕ್ಕೇ ಈಗ ಧೈರ್ಯವಾಗಿ ಹೇಳ್ತಿರೋದು, ಮುಂಚೆ ನಾನೇ ಹೇಳ್ತಿರಲಿಲ್ಲ. ಹಳೇ ವಿಡಿಯೋ ನೋಡಿ ಬೈಯೋರು ಇದನ್ನೊಂಚೂರು ಗಮನಿಸಿ.

"ಫ್ಯೂಷನ್ ಸುಲಭ ಅಂತಾರಲ್ಲ" ಅಂತೀರಾ? ಸುಲಭನೇ. ಆಟೋಕ್ಯಾಡ್ ಮಾಡೋ ಆಟೋಡೆಸ್ಕ್‌ನೋರದ್ದು, ಸ್ವಂತ ಬಳಕೆಗೆ ಫ್ರೀ, ವಿಂಡೋಸ್ ಅಥವಾ ಮ್ಯಾಕ್ ಬೇಕು. ಷರತ್ತು ಮಾತ್ರ ಓದ್ಕೊಳ್ಳಿ: ವ್ಯಾಪಾರದ ಕೆಲಸಕ್ಕೆ ಉಪಯೋಗಿಸೋ ಹಾಗಿಲ್ಲ, 2020ರಿಂದ ಒಂದು ಸಲಕ್ಕೆ ಹತ್ತೇ ಫೈಲು ತಿದ್ದೋಕಾಗೋದು, ಮಿಕ್ಕಿದ್ದು ಬರೀ ನೋಡೋಕೆ, ಬೇಕಾದಾಗ ಒಂದನ್ನ ಒಳಗೆ ಹಾಕಿ ಒಂದನ್ನ ಆಚೆ ತೆಗೀಬೇಕು. ಆನ್‌ಶೇಪಿನ ಫ್ರೀ ಖಾತೇಲಿ ನೀವು ಮಾಡಿದ್ದೆಲ್ಲ ಸಾರ್ವಜನಿಕ, ಯಾರು ಬೇಕಾದ್ರೂ ನೋಡ್ಬಹುದು. ನನ್ನ ಸೋಪ್ ಡಬ್ಬಿ ಡಿಸೈನ್ ಯಾರು ನೋಡ್ತಾರೋ ನೋಡ್ಲಿ ಅಂತ ನಾನು. ನೀವು ಪೇಟೆಂಟ್ ಮಾಡ್ಸೋ ಅಂಥದ್ದು ಕಂಡುಹಿಡೀತಿದ್ರೆ ಬೇಡ. ಐಟಿ ಹುಡುಗರಿಗೆ ಓಪನ್‌ಸ್ಕ್ಯಾಡ್, ಅದರಲ್ಲಿ ಚಿತ್ರ ಬರೆಯೋ ಹಾಗೇ ಇಲ್ಲ, ಕೋಡ್ ಬರೆದ್ರೆ ಆಕಾರ ಬರುತ್ತೆ, ಅವರಿಗೆ ಅದೇ ಇಷ್ಟ, ಇರ್ಲಿ ಬಿಡಿ.

ಮಾವನ ವಿಷಯಕ್ಕೆ ಬರ್ತೀನಿ. ಆರೂವರೆ ಫೋನಲ್ಲಿ ಕೊನೆಗೂ ಗೊತ್ತಾಯ್ತು ಅವರಿಗೆ ಏನು ಬೇಕು ಅಂತ. ಹಾಲ್‌ನ ಫ್ಯಾನ್ ರೆಗ್ಯುಲೇಟರಿನ ನಾಬ್ ಒಡೆದು ಎರಡು ವರ್ಷ ಆಗಿದೆ, ಒಂದು ಕಟಿಂಗ್ ಪ್ಲೇಯರನ್ನ ದಾರ ಕಟ್ಟಿ ಪಕ್ಕದಲ್ಲೇ ನೇತು ಹಾಕಿದಾರೆ, ಸೆಕೆ ಆದ್ರೆ ಪ್ಲೇಯರಲ್ಲಿ ಹಿಡಿದು ತಿರುಗಿಸೋದು. ಕರೆಂಟ್ ಆಫೀಸಲ್ಲಿ ಜೀವನ ಸವೆಸಿದೋರ ಮನೆ!

ನಾಬ್! ಅದನ್ನ ಪಂಕ್ತೀಲೇ ಹೇಳಿದ್ರೆ ನನ್ನ ಉತ್ತರ ಬೇರೆ ಇರ್ತಿತ್ತು. ಸಾಫ್ಟ್‌ವೇರ್ ಮಾತೇ ಎತ್ತುತಿರಲಿಲ್ಲ, "ಮಾವ, ವರ್ನಿಯರ್ ಇದೆಯಾ?" ಅಂತಿದ್ದೆ.

ನನಗೆ ಯಾರೂ ಕೇಳದೇ ಇರೋ ಪ್ರಶ್ನೆ ಅದೇ: ಅಳತೆ ಹೇಗೆ ತಗೊಳ್ಳೋದು, ಮತ್ತೆ ಎಷ್ಟು ಸಡಿಲ ಬಿಡೋದು. ಇಷ್ಟು ವರ್ಷದಲ್ಲಿ ಒಬ್ರೂ ಕೇಳಿಲ್ಲ. ಪಿಯುಸಿ ಫಿಸಿಕ್ಸ್ ಪ್ರಾಕ್ಟಿಕಲಲ್ಲಿ ವರ್ನಿಯರ್ ಹಿಡಿದು ಲೀಸ್ಟ್ ಕೌಂಟ್ ಬರೆದು, ಪಕ್ಕದವನ ರೀಡಿಂಗ್ ಕಾಪಿ ಹೊಡೆದು ಪಾಸಾಗಿರ್ತಾರೆ, ಅಲ್ಲಿಗೆ ಮರೆತ್ರು. ನಾಬ್ ಕೂರೋ ಕಡ್ಡಿ ದುಂಡಗಿರಲ್ಲ, ಒಂದು ಕಡೆ ಚಪ್ಪಟೆ, ಇಂಗ್ಲಿಷ್ ಡಿ ಆಕಾರ. ನಮ್ಮನೇದನ್ನ ಮೇನ್ ಆಫ್ ಮಾಡಿ ಅಳೆದಾಗ ದುಂಡನೆ ಕಡೆ 6 ಎಂಎಂ ಬಂತು, ಚಪ್ಪಟೆ ಮೇಲಿಂದ ಎದುರು ಬದಿಗೆ 4.5. ಮೊದಲು ವರ್ನಿಯರ್ ಬಾಯಿ ಮುಚ್ಚಿ ಸೊನ್ನೆ ತೋರ್ಸುತ್ತಾ ನೋಡ್ಬೇಕು. ಅಳೆಯೋವಾಗ ಹಿಂಡಬಾರದು, ಪ್ಲಾಸ್ಟಿಕ್ ಆದ್ರೆ ಬಗ್ಗುತ್ತೆ. ಬುಡದಲ್ಲಿ, ಮಧ್ಯದಲ್ಲಿ, ತುದೀಲಿ ಮೂರು ಸಲ. ಕಂಪ್ಯೂಟರ್ ಆನ್ ಮಾಡೋಕೆ ಮುಂಚೆ ಇದನ್ನೆಲ್ಲ ಹಳೇ ಕ್ಯಾಲೆಂಡರ್ ಹಿಂದೆ ಪೆನ್ಸಿಲಲ್ಲಿ ಬರ್ಕೊಳ್ಳೋದು. ಈ ಕ್ಯಾಲೆಂಡರ್ ಹಾಳೆ ಇಲ್ದೆ ಇದ್ರೆ ಯಾವ ಸಾಫ್ಟ್‌ವೇರ್ ಬಂದ್ರೂ ಅಷ್ಟೇ.

ಆಮೇಲೆ ನಾನು ಮಾಡಿದ ಪೆದ್ದುತನ. ಕಡ್ಡಿ 6, ಸರಿ, ತೂತೂ 6 ಅಂತ ಬರೆದೆ, ಪ್ರಿಂಟ್ ಮಾಡ್ದೆ, ಸೇರಲೇ ಇಲ್ಲ. ಸುತ್ತಿಗೇಲಿ ಮೆಲ್ಲಗೆ ತಟ್ಟಿದೆ, ನಾಬ್ ಎರಡು ಹೋಳು. ಪ್ರಿಂಟರಲ್ಲಿ ತೂತು ಯಾವಾಗ್ಲೂ ಸ್ವಲ್ಪ ಚಿಕ್ಕದೇ ಬರೋದು, ಕರಗಿದ ಪ್ಲಾಸ್ಟಿಕ್ ಎಳೆ ತಿರುವಲ್ಲಿ ಒಳಕ್ಕೆ ಎಳ್ಕೊಳ್ಳುತ್ತೆ. ಅದೂ ಅಲ್ದೆ ಪ್ರಿಂಟ್ ಮಾಡೋಕೆ ಕಳಿಸೋ ಎಸ್‌ಟಿಎಲ್ ಫೈಲಲ್ಲಿ ನಿಜವಾದ ವೃತ್ತ ಅನ್ನೋದೇ ಇರಲ್ಲ, ಸಣ್ಣ ಸಣ್ಣ ತ್ರಿಕೋನ ಸೇರಿಸಿ ದುಂಡಗೆ ಕಾಣೋ ಹಾಗೆ ಮಾಡಿರ್ತಾರೆ. (ಆ ಫೈಲಲ್ಲಿ ಇಂಚಾ ಮಿಲಿಮೀಟರಾ ಅಂತ ಕೂಡ ಬರೆದಿರಲ್ಲ. ಒಂದ್ಸಲ ಇಂಚಲ್ಲಿ ಕಳಿಸಿ ಸಾಸಿವೆ ಕಾಳಿನಷ್ಟು ನಾಬ್ ಬಂದಿತ್ತು, ಅದನ್ನ ಇನ್ನೂ ಡಬ್ಬೀಲಿ ಇಟ್ಕೊಂಡಿದೀನಿ.) ತೂತನ್ನ 6.2 ಮಾಡ್ದೆ, ಚಪ್ಪಟೆದನ್ನ 4.7 ಮಾಡ್ದೆ, ಕಟಕ್ ಅಂತ ಕೂತ್ಕೊಳ್ತು.

ಹಣೆಗೆ ಬೆವರು ಬರಿಸೋ ಫ್ರೀಕ್ಯಾಡನ್ನೇ ನಾನು ಯಾಕೆ ಹೇಳೋದು ಅನ್ನೋದಕ್ಕೆ ಕಾರಣ ಆ 6.2 ಒಂದೇ. ಟಿಂಕರ್‌ಕ್ಯಾಡಲ್ಲಿ ಡಬ್ಬಿ ಮೇಲೆ ಡಬ್ಬಿ ಜೋಡಿಸಿ, ತೂತಿನ ಆಕಾರ ಒಳಗಿಟ್ಟು ಕಳೆದು, ಹತ್ತು ನಿಮಿಷಕ್ಕೆ ನಾಬ್ ಆಗುತ್ತೆ ನಿಜ. ಅಳತೆ ತಪ್ಪಿದ್ರೆ ಮತ್ತೆ ಬಿಚ್ಚಿ ಒಂದೊಂದನ್ನೇ ಸರಿಸ್ಬೇಕು. ಫ್ರೀಕ್ಯಾಡಲ್ಲಿ, ಆನ್‌ಶೇಪಲ್ಲಿ, ಫ್ಯೂಷನಲ್ಲಿ ನೀವು ಬರೆಯೋದು ಗೆರೆಗಳ ನಡುವಿನ ಸಂಬಂಧ, ಈ ಗೆರೆ ಆ ಗೆರೆಗೆ ಸಮ, ಈ ವೃತ್ತ ನಟ್ಟನಡುವೆ, ವ್ಯಾಸ ಇಷ್ಟು. ಸಂಖ್ಯೆ ಒಂದನ್ನ ತಿದ್ದಿದ್ರೆ ಅದರ ಹಿಂದೆ ಇರೋದೆಲ್ಲ ಸಂಸಾರ ಸಮೇತ ಸರ್ಕೊಳ್ಳುತ್ತೆ. ಮೊದಲ ಸಲ ಅದು ಸರಿದಾಗ ನಾನು ಹೆಂಡತೀನ ಕರೆದು ತೋರಿಸಿದ್ದೆ. ಅವಳು ನೋಡಿ, ಎಲೆಕ್ಟ್ರಿಕಲ್ ಅಂಗಡೀಲಿ ನಾಬ್ ಇಪ್ಪತ್ತು ರೂಪಾಯಿ ಅಂದ್ಳು.

ಸಿಗುತ್ತೆ, ನನಗೂ ಗೊತ್ತು. ಅದನ್ನ ಹೇಳೋಕೆ ಮೆಸೇಜ್ ಮಾಡ್ಬೇಡಿ.

ಮಾವನಿಗೆ ಅವತ್ತು ಆರೂವರೆಗೆ ಹೇಳಿದ್ದು ಇಷ್ಟೇ: ಫ್ರೀಕ್ಯಾಡ್ ಮುಚ್ಚಿ, ಒಂದು ಡಿಜಿಟಲ್ ವರ್ನಿಯರ್ ತಗೊಳ್ಳಿ, ಪ್ಲಾಸ್ಟಿಕ್‌ದು ಕೆಲವು ನೂರಕ್ಕೆಲ್ಲ ಸಿಗುತ್ತೆ, ಕಡ್ಡಿ ಅಳೆದು ಹಾಳೆ ಮೇಲೆ ಬರೆದು ಫೋಟೋ ಕಳಿಸಿ, ಆಮೇಲೆ ಫ್ರೀಕ್ಯಾಡಲ್ಲಿ ಪಾರ್ಟ್ ಡಿಸೈನ್ ಅನ್ನೋ ವರ್ಕ್‌ಬೆಂಚ್ (ಒಂದೊಂದು ಥರದ ಕೆಲಸಕ್ಕೆ ಬೇಕಾದ ಟೂಲುಗಳ ಗುಂಪು) ಒಂದನ್ನೇ ತೆಗೀರಿ, ಮಿಕ್ಕಿದ್ದರ ಕಡೆ ಕಣ್ಣೂ ಹಾಯಿಸ್ಬೇಡಿ. ಹೂಂ ಅಂತ ಇಟ್ರು. ಒಂದು ತಿಂಗಳು ಸುದ್ದಿ ಇಲ್ಲ. ನಾನೂ ಮರೆತಿದ್ದೆ, ಅಂಗಡಿ ನಾಬೇ ತಂದಿರ್ತಾರೆ ಬಿಡು ಅಂತ.

ಹೋದ ಭಾನುವಾರ ಫೋನ್ ಬಂತು, ಮತ್ತೆ ಆರೂವರೆಗೇ.

"ಅಳಿಯಂದ್ರೇ, ನಾಬ್ ಮಾಡ್ದೆ, ಸೇರ್ತಿಲ್ಲ. ಕಡ್ಡಿಗಿಂತ ತೂತು ಎಷ್ಟು ದೊಡ್ಡದು ಬಿಡ್ಬೇಕು?"

ಎದ್ದು ಕೂತೆ. ನಿಮಗೆ ನಗು ಬರ್ಬಹುದು, ಆದ್ರೆ ಈ ಪ್ರಶ್ನೆಗೆ ನಾನು ಎಷ್ಟು ವರ್ಷದಿಂದ ಕಾಯ್ತಿದ್ದೆ ಅಂತ ನಿಮಗೇನು ಗೊತ್ತು. ಅದು ನಿಮ್ಮ ಪ್ರಿಂಟರ್ ಮೇಲೆ ಹೋಗುತ್ತೆ ಮಾವ, ಪ್ಲಾಸ್ಟಿಕ್ ಯಾವ್ದು ಅನ್ನೋದರ ಮೇಲೂ ಹೋಗುತ್ತೆ, ಬಿಗಿಯಾಗಿ ಕೂರ್ಬೇಕಾ ಸಲೀಸಾಗಿ ತಿರುಗ್ಬೇಕಾ ಅಂತ ನೋಡ್ಬೇಕು, ಮೊದಲು 6.1, 6.2, 6.3 ಅಂತ ಸಾಲಾಗಿ ತೂತಿರೋ ಒಂದು ಸಣ್ಣ ಪಟ್ಟಿ ಪ್ರಿಂಟ್ ಮಾಡಿ ಯಾವುದಕ್ಕೆ ಕಡ್ಡಿ ಸರಿಯಾಗಿ ಕೂರುತ್ತೆ ಅಂತ...

"ಒಂದೇ ಮಾತಲ್ಲಿ ಹೇಳಿ ಅಳಿಯಂದ್ರೇ, ಹಾಲು ಉಕ್ತಾ ಇದೆ."

"ಸೊನ್ನೆ ಪಾಯಿಂಟ್ ಎರಡು."

ಇಟ್ಟೇಬಿಟ್ರು.