ನಮ್ಮ ಬೀದಿಯ ಕೋಳಿಗಳಿಗೆ ಸೂಜಿ ಹಾಕಿಸಿದ ಸಂಜೆ

ಚನ್ನರಾಯಪಟ್ಟಣದ ಕಡೆಯ ನಮ್ಮೂರಲ್ಲಿ ಕೋಳಿ ಇಲ್ಲದ ಮನೆ ಕಡಿಮೆ. ಮನೆಗೆ ನಾಲ್ಕೈದು ಹೇಟೆ, ಒಂದು ಹುಂಜ, ಜೊತೆಗೆ ಒಂದಿಷ್ಟು ಪಿಳ್ಳೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಮುಗೀತು, ಸಂಜೆವರೆಗೂ ಅವು ಬೀದಿಯ ಕೋಳಿಗಳು. ನಮ್ಮ ತಿಪ್ಪೆ ಕೆದಕುತ್ತವೆ, ಪಕ್ಕದ ಮನೆಯ ಬಚ್ಚಲ ನೀರು ಕುಡಿಯುತ್ತವೆ, ಎದುರು ಮನೆಯ ಕೊಟ್ಟಿಗೆಯಲ್ಲಿ ಮೊಟ್ಟೆ ಇಟ್ಟು ಬರುತ್ತವೆ. ಹೀಗಿದ್ದ ಮೇಲೆ ಕೋಳಿ ಸಾಕುವುದಕ್ಕೆ ಕೆಲವು ಕಟ್ಟುಪಾಡು ಬೇಕೇ ಬೇಕಲ್ವಾ? ನಮ್ಮ ಬೀದಿಯಲ್ಲಿ ಇವೆ. ಯಾರೂ ಬರೆದಿಟ್ಟಿಲ್ಲ, ಆದರೆ ಚಿಕ್ಕ ಮಕ್ಕಳಿಗೂ ಗೊತ್ತು.

ಯಾರಾದರೂ ಅಂಗಳದಲ್ಲಿ ರಾಗಿ ಒಣಗಿಸಲು ಹಾಕಿದ್ದರೆ ಉಳಿದವರು ತಮ್ಮ ಕೋಳಿಗಳ ಮೇಲೆ ಮಂಕರಿ ಕವುಚಬೇಕು. ಕೊಟ್ಟಿಗೆಯಲ್ಲಿ ಸಿಕ್ಕಿದ ಮೊಟ್ಟೆ ಕೋಳಿಯವರದ್ದು, ಕೊಟ್ಟಿಗೆಯವರದ್ದಲ್ಲ. ಪಾಲಿಗೆ ಕೊಟ್ಟ ಹೇಟೆ ಮರಿ ಮಾಡಿದರೆ ಪಿಳ್ಳೆಯಲ್ಲಿ ಅರ್ಧ ಅರ್ಧ. ಹದ್ದು ಎತ್ತಿಕೊಂಡು ಹೋದದ್ದು ಇಬ್ಬರ ಲೆಕ್ಕದಲ್ಲೂ ಹೋಯಿತು. ಕಾವಿಗೆ ಕೂರಿಸಲು ಯಾರಾದರೂ ಹೇಟೆ ಕೇಳಿದರೆ ಇಲ್ಲ ಅನ್ನಬಾರದು. ನಮ್ಮತ್ತೆಗೆ ಈ ಮಾತಿನಿಂದ ಬಹಳ ಉಪಕಾರ ಆಗಿದೆ. ಅವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ ತಳಿಯನ್ನೂ ಸಾಕುತ್ತಾರೆ. ಗಿರಿರಾಜ ನಾಟಿ ಕೋಳಿಗಿಂತ ಎಷ್ಟೋ ಜಾಸ್ತಿ ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವುದು ಅಪರೂಪ. ಅದರ ಮೊಟ್ಟೆ ಮರಿಯಾಗಬೇಕು ಅಂದರೆ ಯಾರದಾದರೂ ನಾಟಿ ಹೇಟೆಯ ಹೊಟ್ಟೆ ಕೆಳಗೆ 21 ದಿನ ಇರಬೇಕು.

ಇವೆಲ್ಲ ಹಳೇ ಮಾತುಗಳು. ಕಾಯಿಲೆಯ ವಿಷಯದ ಕಟ್ಟುಪಾಡುಗಳು ಮಾತ್ರ ಹೊಸವು. ಅವು ಬಂದದ್ದು ನಮ್ಮ ಬೀದಿ ಖಾಲಿಯಾದ ಮೇಲೆ.

ಆ ವರ್ಷ ಯುಗಾದಿ ಹತ್ತಿರ ಇತ್ತು. ಹಬ್ಬದ ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಆ ದಿನ ನಾಟಿ ಕೋಳಿಗೆ ಇರುವ ಬೇಡಿಕೆ ವರ್ಷದಲ್ಲಿ ಇನ್ನೊಂದು ದಿನ ಇರೋದಿಲ್ಲ. ಅದಕ್ಕೆ ಮುಂಚೆ ಸಂತೆಯಿಂದ ಊರಿಗೆ, ಊರಿಂದ ಸಂತೆಗೆ ಕೋಳಿಗಳ ಓಡಾಟ ಶುರುವಾಗುತ್ತದೆ. ಒಂದು ಮನೆಗೆ ಸಂತೆಯಿಂದ ಬಂದ ಹೇಟೆ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತುಬಿಟ್ಟಿತು. ಹಸಿರು ಬಣ್ಣದ ನೀರು ನೀರಾದ ಹಿಕ್ಕೆ, ಬಾಯಿ ತೆರೆದು ಉಸಿರಾಟ, ಆಮೇಲೆ ಕತ್ತು ತಿರುಚಿಕೊಳ್ಳುವುದು. ಅದು ಕೊಕ್ಕರೆ ರೋಗ. ಪೇಟೆಯವರು ರಾಣಿಖೇತ್ ಅನ್ನುವುದೂ ಇದನ್ನೇ. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಕೆಲವೇ ದಿನದಲ್ಲಿ ಒಂದೊಂದೇ ಮನೆಯ ಗೂಡು ಖಾಲಿಯಾಯಿತು. ನಮ್ಮತ್ತೆ ಮೊಟ್ಟೆ ಮಾರಿದ ದುಡ್ಡಿನಲ್ಲೇ ಮಕ್ಕಳ ನೋಟ್ ಪುಸ್ತಕ ತರುತ್ತಿದ್ದವರು. ಆ ದುಡ್ಡು ಗಂಡಸರ ಕೈಗೆ ಹೋಗದ ದುಡ್ಡು. ಸತ್ತ ಹೇಟೆಗಳನ್ನು ಮೊರದಲ್ಲಿ ಹಾಕಿಕೊಂಡು ಹಿತ್ತಲಿಗೆ ಹೋಗುವಾಗ ಅವರು ಒಂದು ಮಾತೂ ಆಡಲಿಲ್ಲ.

ನನಗೆ ಇವತ್ತಿಗೂ ಸಿಟ್ಟು ಬರುವುದು ಇನ್ನೊಂದು ಮನೆಯವರ ಮೇಲೆ. ಬೀದಿಯಲ್ಲಿ ಕೋಳಿ ಸಾಯುತ್ತಿರುವುದು ನೋಡಿ, ಅವರು ತಮ್ಮವನ್ನು ರಾತ್ರೋರಾತ್ರಿ ಕಟ್ಟಿ ಸಂತೆಗೆ ಹಾಕಿ ಬಂದರು. ಆ ಕೋಳಿಗಳು ಯಾವ ಯಾವ ಊರಿಗೆ ಹೋದವೋ, ಅಲ್ಲಿ ಯಾವ ಹೆಂಗಸಿನ ಗೂಡು ಖಾಲಿಯಾಯಿತೋ.

ಅವತ್ತಿನಿಂದ ಬೀದಿಯಲ್ಲಿ ಮೂರು ಮಾತು ಗಟ್ಟಿಯಾಗಿ ನಿಂತಿವೆ. ಕಾಯಿಲೆ ಬಿದ್ದ ಬೀದಿಯಿಂದ ಕೋಳಿ ಸಂತೆಗೆ ಹೋಗಬಾರದು. ಸಂತೆಯಿಂದ ತಂದದ್ದು ಎರಡು ವಾರ ಬೇರೆ ಮಂಕರಿ ಕೆಳಗೇ ಇರಬೇಕು, ನೀರಿನ ಬಟ್ಟಲೂ ಬೇರೆ. ಸತ್ತದ್ದನ್ನು ಹಳ್ಳಕ್ಕೆ ಎಸೆಯುವಂತಿಲ್ಲ, ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಬೇಕು. ನಾಲ್ಕನೆಯದು ಲಸಿಕೆ. ಅದನ್ನು ಒಪ್ಪಿಸುವುದು ಇಷ್ಟು ಸುಲಭ ಇರಲಿಲ್ಲ.

ತೊಡಕು ಇದ್ದದ್ದು ಬಾಟಲಿಯಲ್ಲಿ. ದೊಡ್ಡ ಕೋಳಿಗೆ ಹಾಕುವ ಲಸಿಕೆಗೆ ಆರ್‌2ಬಿ ಅನ್ನುತ್ತಾರೆ. ನಮಗೆ ಸಿಗುವುದು 100 ಡೋಸಿನ ಬಾಟಲಿ. ಒಳಗೆ ಒಣಗಿದ ಬಿಲ್ಲೆಯ ಹಾಗೆ ಇರುತ್ತದೆ. ಅದಕ್ಕೆ ತಣ್ಣಗಿನ ಸಲೈನ್ ಬೆರೆಸಬೇಕು, ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವವರು ಹೋಗಿ ಕೇಳಿದರೆ ಉಳಿದ 90 ಡೋಸ್ ಚೆಲ್ಲಬೇಕಾಗುತ್ತದೆ. ಹಾಗೆ ಬಾಟಲಿ ಒಡೆಯಲು ಯಾರು ತಾನೇ ಒಪ್ಪುತ್ತಾರೆ? ಫಾರಂ ಕೋಳಿಗೆ ಇದು ಲೆಕ್ಕವೇ ಅಲ್ಲ. ಹಿತ್ತಲ ಕೋಳಿಗೆ ಲಸಿಕೆ ತಪ್ಪಿಹೋಗುವುದು ಬಹಳ ಸಲ ಇದರಿಂದಲೇ ಅಂತ ನನ್ನ ಅನಿಸಿಕೆ. ಬೀದಿಯವರೆಲ್ಲ ಒಂದೇ ದಿನ ಹಾಕಿಸಿದರೆ ಮಾತ್ರ ಬಾಟಲಿ ಸಾರ್ಥಕ. ಸುಮ್ನೆ ಒಬ್ಬರು ಹಾಕಿಸಿ ಉಳಿದವರು ಬಿಟ್ಟರೆ ಕಾಯಿಲೆಯೇನೂ ಬೀದಿ ಬಿಟ್ಟು ಹೋಗುವುದಿಲ್ಲ.

ಗೂಡುಗಳು ಮತ್ತೆ ತುಂಬಿದ ಮೇಲೆ ನಮ್ಮ ಪಶು ಸಖಿ ಅಕ್ಕ, ಅಂದರೆ ಊರಿನ ದನ ಕೋಳಿಗಳ ಆರೋಗ್ಯ ನೋಡಿಕೊಳ್ಳಲು ತರಬೇತಿ ಪಡೆದವರು, ಮನೆಮನೆಗೆ ಹೋಗಿ ದಿನ ಗೊತ್ತು ಮಾಡಿದರು. ಶಿವರಾತ್ರಿಗೆ ಮುಂಚಿನ ವಾರ. ಸೂಜಿ ಹಾಕಿದ ಮೇಲೆ ಕೋಳಿಗೆ ಶಕ್ತಿ ಬರಲು ಎರಡು ವಾರ ಬೇಕು, ಯುಗಾದಿಯ ಓಡಾಟ ಶುರುವಾಗುವ ಹೊತ್ತಿಗೆ ಅದು ಬಂದಿರಬೇಕು ಅನ್ನುವುದು ಅವರ ಲೆಕ್ಕ. ಅದಕ್ಕೆ ಒಂದು ವಾರ ಮುಂಚೆ ಜಂತುಹುಳದ ಔಷಧಿಯೂ ಆಗಿತ್ತು. ನನ್ನದು ನೋಟ್ ಪುಸ್ತಕದ ಕೆಲಸ. ಯಾವ ಮನೆಯಲ್ಲಿ ದೊಡ್ಡವು ಎಷ್ಟು, ಪಿಳ್ಳೆ ಎಷ್ಟು ಅಂತ ಬರೆದುಕೊಂಡೆ. ದೊಡ್ಡವೇ ಎಂಬತ್ತರ ಮೇಲಿದ್ದವು.

ಸಂಜೆ ಕೋಳಿಗಳು ಗೂಡು ಸೇರುವ ಹೊತ್ತಿಗೆ ಪಶು ಆಸ್ಪತ್ರೆಯಿಂದ ಅಣ್ಣ ಬಂದರು. ಕೈಯಲ್ಲಿ ಐಸ್ ತುಂಬಿದ ಫ್ಲಾಸ್ಕ್. ಹುಡುಗರು ಉತ್ಸಾಹದಲ್ಲಿ ಕೋಳಿಗಳನ್ನು ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಿಕೊಂಡು ಓಡಿ ಬಂದರು. ಆ ಅಣ್ಣ ಮೊದಲು ಗದರಿದ್ದು ಅದಕ್ಕೆ. ಪ್ರಾಣಿಗೆ ನೋವಾಗುವ ಹಾಗೆ ಹೊತ್ತೊಯ್ಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಅಂತ ಹುಡುಗರಿಗೆ ಬಿಡಿಸಿ ಹೇಳಿದರು. ಆಮೇಲೆ ಎಲ್ಲರೂ ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ತಂದರು. ರೆಕ್ಕೆ ಎತ್ತಿ, ಚರ್ಮದ ಕೆಳಗೆ ಅರ್ಧ ಎಂ.ಎಲ್. ಒಂದು ಕೋಳಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಮಂಕಾಗಿದ್ದ ಒಂದು ಹೇಟೆಯನ್ನು ಮಾತ್ರ ವಾಪಸ್ ಕಳಿಸಿದರು. ಕಾಯಿಲೆ ಇರುವುದಕ್ಕೆ ಹಾಕಬಾರದು.

ಕೆಲಸ ನಿಂತದ್ದು ಮೂಲೆಮನೆ ಅಜ್ಜಿಯ ಬಾಗಿಲಲ್ಲಿ. ಹೇಟೆಗಳನ್ನು ಕೊಟ್ಟರು, ಹುಂಜವನ್ನು ಕೊಡಲಿಲ್ಲ.

"ಹರಕೆ ಹುಂಜ ಕಣವ್ವ ಅದು. ಅಮ್ಮನಿಗೆ ಬಿಟ್ಟದ್ದಕ್ಕೆ ಸೂಜಿ ಚುಚ್ಚಿಸ್ತಾರಾ? ಊನ ಆಗಬಾರದು."

ಗುಡಿಯ ಹತ್ತಿರ ಪ್ರಾಣಿ ಕೊಯ್ಯುವುದನ್ನು ಕರ್ನಾಟಕದ 1959ರ ಪ್ರಾಣಿಬಲಿ ತಡೆ ಕಾನೂನು ನಿಷೇಧಿಸಿದೆ. ನಮ್ಮೂರಲ್ಲಿ ಈಗ ಹುಂಜವನ್ನು ಅಮ್ಮನಿಗೆ ತೋರಿಸಿ, ತೀರ್ಥ ಹಾಕಿಸಿಕೊಂಡು ಮನೆಗೆ ತರುತ್ತಾರೆ. ಆದರೆ ಅಮ್ಮನ ಮುಂದೆ ನಿಲ್ಲುವ ಹುಂಜಕ್ಕೆ ಗಾಯ ಇರಬಾರದು ಅನ್ನುವ ನಂಬಿಕೆ ಹಾಗೇ ಇದೆ. ಮೊಮ್ಮಗನ ಜ್ವರ ಬಿಟ್ಟ ದಿನ ಅಜ್ಜಿ ಹೊತ್ತ ಹರಕೆ ಅದು. ಬೀದಿಯಲ್ಲಿ ಒಬ್ಬಿಬ್ಬರು ದನಿ ಏರಿಸಿದರು. ಒಂದು ಹುಂಜ ಉಳಿದರೂ ಎಲ್ಲರಿಗೂ ಅಪಾಯ ಅಂದರು. ಅಜ್ಜಿ ಹುಂಜವನ್ನು ಸೆರಗಲ್ಲಿ ಸುತ್ತಿಕೊಂಡು ಜಗಲಿ ಮೇಲೆ ಕೂತುಬಿಟ್ಟರು.

ಪಶು ಸಖಿ ಅಕ್ಕ ಅವರ ಪಕ್ಕ ಹೋಗಿ ಕೂತರು. "ಸೂಜಿ ಬೇಡ ಬಿಡಿ ಅಜ್ಜಿ. ಪಿಳ್ಳೆಗಳಿಗೆ ಅಂತ ತಂದಿರೋ ಹನಿ ಇದೆಯಲ್ಲ, ಅದನ್ನ ಕಣ್ಣಿಗೆ ಬಿಡೋಣ. ಚುಚ್ಚೋದೂ ಇಲ್ಲ, ರಕ್ತಾನೂ ಇಲ್ಲ."

ಆರ್‌2ಬಿ ಎಳೆ ಪಿಳ್ಳೆಗೆ ಹಾಕುವಂತಿಲ್ಲ, ಆರೆಂಟು ವಾರ ಆಗಿರಬೇಕು. ಅದಕ್ಕಿಂತ ಚಿಕ್ಕವಕ್ಕೆ ಲಸೋಟಾ ಅನ್ನುವ ಲಸಿಕೆ. ಕಣ್ಣಿಗೋ ಮೂಗಿಗೋ ಒಂದು ಹನಿ. ದೊಡ್ಡ ಕೋಳಿಗೂ ಕೊಡಬಹುದು, ಆದರೆ ಅದರ ಕಾವಲು ಅಷ್ಟು ದಿನ ನಿಲ್ಲುವುದಿಲ್ಲ, ಮತ್ತೆ ಹಾಕಿಸಬೇಕು. ಆಸ್ಪತ್ರೆಯ ಅಣ್ಣ ಹೂಂ ಅಂದರು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ಹುಂಜದ ಮುಖದ ಮೇಲಿನ ಸೆರಗು ಸರಿಸಿದರು. ಒಂದು ಹನಿ ಬಿತ್ತು. ಅದು ಕಣ್ಣೊಳಗೆ ಇಳಿಯುವವರೆಗೂ ಬಿಡಬಾರದು ಅಂತ ಹೇಳಿದ್ದಕ್ಕೆ ಅಜ್ಜಿ ಹುಂಜವನ್ನು ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಕೂಗಾಡುವುದರಿಂದ ಆಗದ ಕೆಲಸ ಅಕ್ಕನ ತಿಳುವಳಿಕೆಯಿಂದ ಆಯಿತು. ಅವರ ಮೇಲೆ ನನಗೆ ಅವತ್ತು ಬಂದ ಗೌರವ ಹೇಳತೀರದು.

ಕತ್ತಲಾದ ಮೇಲೆ ಎಲ್ಲರೂ ಜಗಲಿಯಲ್ಲಿ ಟೀ ಕುಡಿಯುತ್ತಾ ಕೂತಾಗ ಆ ಅಣ್ಣ ಒಂದು ವಿಷಯ ಹೇಳಿದರು. ರಾಣಿಖೇತ್ ಅನ್ನುವುದು ಉತ್ತರಾಖಂಡದ ಕುಮಾವೂ ಬೆಟ್ಟದ ಊರು, 1920ರ ದಶಕದಲ್ಲಿ ನಮ್ಮ ದೇಶದಲ್ಲಿ ಈ ರೋಗವನ್ನು ಗುರುತಿಸಿದ್ದು ಅಲ್ಲಿ. ಆರ್‌2ಬಿ ಲಸಿಕೆ ಮಾಡುವ ವೈರಸ್ ತಳಿಗೆ ಮುಕ್ತೇಶ್ವರ ಅನ್ನುವ ಊರಿನ ಹೆಸರಿದೆ, ಆ ಊರೂ ಅದೇ ಕುಮಾವೂ ಸೀಮೆಯದ್ದು. ರೋಗ, ಮದ್ದು ಎರಡೂ ಅಲ್ಲಿಂದಲೇ ಬಂದವಾ ಅಂತ ನಮ್ಮತ್ತೆ ಅಚ್ಚರಿಪಟ್ಟರು.

ಆಮೇಲೆ ಕೆಲವು ದಿನ ಮೊಟ್ಟೆ ಕಡಿಮೆಯಾಯಿತು. ಅದು ಆಗುವುದೇ, ಮೊದಲೇ ಹೇಳಿದ್ದರು. ಆ ಯುಗಾದಿಗೆ ನಮ್ಮ ಬೀದಿಯಲ್ಲಿ ಕೊಕ್ಕರೆ ರೋಗದಿಂದ ಒಂದು ಕೋಳಿಯೂ ಹೋಗಲಿಲ್ಲ. ಹಿಂದಿನ ಬೀದಿಯಲ್ಲಿ ಹೋದವು. ನೋಡಿ ಬೇಜಾರಾಯಿತು. ಅವರು ಈಗ ತಾವೂ ಸೇರುತ್ತೇವೆ ಅಂದಿದ್ದಾರೆ. ಅವರ ಕೋಳಿಗಳೂ ಸೇರಿದರೆ ಎರಡು ಬಾಟಲಿ ಬೇಕು, ಇನ್ನೊಂದು ಫ್ಲಾಸ್ಕ್ ಬೇಕು, ಹಿಡಿದು ತರಲು ಇನ್ನಷ್ಟು ಹುಡುಗರು ಬೇಕು. ನಾನು ನೋಟ್ ಪುಸ್ತಕ ತೆಗೆದುಕೊಂಡು ಭಾನುವಾರ ಅವರ ಬೀದಿಗೆ ಹೋಗುತ್ತೇನೆ.