ಸರ್ಕಾರ ಬದಲಾಯ್ತು, ಪಗಾರದ ದಾರಿ ಬದಲಾಯ್ತಾ?

ಹುಬ್ಬಳ್ಳಿ-ಧಾರವಾಡ, ಹಾವೇರಿ ಕಡೆಯವರಿಗೆ 'ನಮ್ಮವರು ಅಧಿಕಾರಕ್ಕೆ ಬರಲಿಲ್ಲ' ಎಂದು ದೂರುವ ಅವಕಾಶವೇ ಇಲ್ಲ. 2012-13ರಲ್ಲಿ ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿದ್ದರು. 2021ರಿಂದ 2023ರವರೆಗೆ ಶಿಗ್ಗಾವಿ ಶಾಸಕ ಬಸವರಾಜ ಬೊಮ್ಮಾಯಿ. 2023ರಲ್ಲಿ ಪಕ್ಷವೇ ಬದಲಾಗಿ ಕಾರ್ಮಿಕ ಖಾತೆ ಕಲಘಟಗಿಯ ಸಂತೋಷ ಲಾಡ್ ಅವರಿಗೆ ಬಂತು. ಹೊರಗುತ್ತಿಗೆಯ ಹಾಸ್ಟೆಲ್ ಅಡುಗೆಯವರು, ವಾಲ್‌ಮನ್‌ಗಳು, ಕಸದ ಗಾಡಿ ಡ್ರೈವರ್‌ಗಳು ಕೇಳುವ ಪ್ರಶ್ನೆ ಮಾತ್ರ ಅದೇ: "ಸಾಹೇಬ್ರ, ಪಗಾರ ಯಾವಾಗ ಆಗ್ತೈತ್ರಿ?" ಉತ್ತರವೂ ಅದೇ: "ಮ್ಯಾಲಿಂದ ಬಿಲ್ ಪಾಸ್ ಆಗಿಲ್ಲ."

2023ರ ಚುನಾವಣೆಯಲ್ಲಿ ಶೇ 40 ಕಮಿಷನ್ ಆರೋಪ ದೊಡ್ಡ ಅಸ್ತ್ರವಾಗಿತ್ತು. ಆ ಗದ್ದಲವೆಲ್ಲ ಹೆಚ್ಚಾಗಿ ರಸ್ತೆ, ಕಟ್ಟಡ ಕಾಮಗಾರಿಗಳ ಸುತ್ತಲೇ ನಡೆಯಿತು. ಜನರನ್ನು ಪೂರೈಸುವ ಟೆಂಡರಿನಲ್ಲಿ ಏನಾಗುತ್ತದೆ ಎಂದು ಕೇಳಿದವರು ಕಡಿಮೆ. ಅಲ್ಲಿ ಸಿಮೆಂಟಿಲ್ಲ, ಕಬ್ಬಿಣವಿಲ್ಲ. ಕದಿಯಬೇಕೆಂದರೆ ಇರುವುದು ಆಳಿನ ಪಗಾರ ಒಂದೇ.

ಲೆಕ್ಕ ಹಾಕಿ ನೋಡೋಣ. ಒಬ್ಬರ ತಿಂಗಳ ವೇತನ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಅವರಿಂದ ಮುರಿಯುವುದು ಶೇ 12 ಪಿಎಫ್ (ಭವಿಷ್ಯ ನಿಧಿ), ಅಂದರೆ 1,800; ಶೇ 0.75 ಇಎಸ್ಐ (ಕಾರ್ಮಿಕರ ವಿಮೆ), ಅಂದರೆ 113. ಕೈಗೆ 13,087 ಬರಬೇಕು. ಮಾಲೀಕನ ಪಾಲು ಬೇರೆ: ಆಡಳಿತ ಶುಲ್ಕ ಮತ್ತು ವಿಮೆ ಸೇರಿ ಪಿಎಫ್ ಶೇ 13, ಇಎಸ್ಐ ಶೇ 3.25. ಹಾಗಾಗಿ ಇಲಾಖೆಗೆ ಒಬ್ಬರ ಬಿಲ್ 17,438 ರೂಪಾಯಿ. ನೂರು ಜನಕ್ಕೆ 17,43,800.

ಜನರನ್ನು ಪೂರೈಸುವ ಏಜೆನ್ಸಿಗಳು ಪೈಪೋಟಿಗೆ ಬೀಳುವುದು ಇದರ ಮೇಲಿನ ಸೇವಾ ಶುಲ್ಕಕ್ಕೆ. ಶೇ 1ಕ್ಕೆ ಕೆಲಸ ಹಿಡಿದರೆ ತಿಂಗಳಿಗೆ 17,438 ರೂಪಾಯಿ ಸಿಗುತ್ತದೆ. ಬಿಲ್ ಮೂರು ತಿಂಗಳು ತಡವಾಯಿತು ಎನ್ನಿ. ಅಷ್ಟೂ ದಿನ ಪಗಾರ ಕೊಡಬೇಕಾದರೆ 52 ಲಕ್ಷ ಕೈಯಿಂದ ಹಾಕಬೇಕು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಹಿಡಿದರೂ 52 ಸಾವಿರ. ಹದಿನೇಳು ಸಾವಿರ ಗಳಿಸಲು ಐವತ್ತೆರಡು ಸಾವಿರ ಬಡ್ಡಿ ಕಟ್ಟುವ ದಡ್ಡ ಯಾವ ಊರಲ್ಲೂ ಇಲ್ಲ. ಬಿಲ್ ಪಾಸಾಗಲು ಮೇಜಿನಿಂದ ಮೇಜಿಗೆ ಮಾಮೂಲು ಹಂಚಬೇಕಾಗಿ ಬಂದರೆ ಅದರ ಖರ್ಚು ಬೇರೆ. ಕಾಗದದ ಮೇಲೇ ನಷ್ಟದ ಟೆಂಡರ್ ಇದು. ಇದನ್ನು ಒಪ್ಪಿಕೊಂಡ ಅಧಿಕಾರಿಗೂ ರೊಕ್ಕ ಎಲ್ಲಿಂದ ಹುಟ್ಟಬೇಕು ಎಂಬುದು ಗೊತ್ತಿರಲೇಬೇಕು.

ಹುಟ್ಟುವ ಜಾಗಗಳು ಗುಟ್ಟೇನಲ್ಲ. ಹಾಜರಿಯಲ್ಲಿ ನೂರು ಹೆಸರು, ಬೀದಿಯಲ್ಲಿ 88 ಜನ. ಇಲ್ಲವೇ ಎಟಿಎಂ ಕಾರ್ಡು ಸೂಪರ್‌ವೈಸರ್ ಹತ್ತಿರ, ಖಾತೆಗೆ 13,087 ಬಿದ್ದರೂ ಕೈಗೆ ಕೊಡುವುದು ಅವನ ಮರ್ಜಿಯಷ್ಟು. ಇನ್ನೂ ನಾಜೂಕಿನ ಕೈಚಳಕ ಪಿಎಫ್‌ನದು. ಏಜೆನ್ಸಿ ಪಿಎಫ್ ಕಚೇರಿಗೆ ಸಲ್ಲಿಸುವ ತಿಂಗಳ ಇಸಿಆರ್ ಪಟ್ಟಿಯಲ್ಲಿ 'ಎನ್‌ಸಿಪಿ ಡೇಸ್' ಎಂಬ ಒಂದು ಕಾಲಂ ಇದೆ, ಅಂದರೆ ವೇತನವಿಲ್ಲದ ದಿನಗಳು. ಒಂದು ದಿನವೂ ತಪ್ಪಿಸದವರ ಮುಂದೆ ಅಲ್ಲಿ 15 ಎಂದು ತುಂಬಿದರೆ ವೇತನ 7,500ಕ್ಕೆ ಇಳಿಯುತ್ತದೆ, ಪಿಎಫ್ ಅರ್ಧವಾಗುತ್ತದೆ. ಚಲನ್ ಅಸಲಿಯೇ, ಸೀಲೂ ಅಸಲಿಯೇ. ಬಿಲ್ ಜೊತೆ ಚಲನ್ ಇದೆಯಾ ಎಂದಷ್ಟೇ ನೋಡುವ ಗುಮಾಸ್ತನ ಕಣ್ಣಿಗೆ ಅದು ಬೀಳುವುದಿಲ್ಲ.

ಇನ್ನೊಂದು ಪೆಟ್ಟು ಟೆಂಡರ್ ಕೈ ಬದಲಾದಾಗ ಬೀಳುತ್ತದೆ. ಹೊಸ ಏಜೆನ್ಸಿ ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗಬಾರದ ಪಿಎಫ್ ಸದಸ್ಯ ಸಂಖ್ಯೆ) ಕೇಳದೆ ಹೊಸದೊಂದು ತೆಗೆಸುವುದುಂಟು. ಆಧಾರ್‌ನಲ್ಲಿ ಈರಪ್ಪ, ಪಿಎಫ್‌ನಲ್ಲಿ ವೀರಪ್ಪ ಇದ್ದರಂತೂ ಹಳೆಯ ರೊಕ್ಕ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಮೂರು ಯುಎಎನ್‌ಗಳಲ್ಲಿ ಹರಿದು ಹಂಚಿಹೋದ ಹತ್ತು ವರ್ಷವನ್ನು ಒಂದು ಮಾಡಿಸದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಸರ್ಕಾರ ಬದಲಾದರೆ ಏನೂ ಆಗುವುದಿಲ್ಲವೇ? ಆಗುತ್ತದೆ, ರೊಕ್ಕ ಹರಿಯುವ ದಾರಿಯನ್ನೇ ಬದಲಿಸಿದಾಗ. ಪೌರಕಾರ್ಮಿಕರ ಮತ್ತು ಸರ್ಕಾರದ ನಡುವಿನ ಗುತ್ತಿಗೆದಾರನನ್ನು ತೆಗೆದು ನೇರ ವೇತನ ತರುವ ತೀರ್ಮಾನ ಒಂದು ಸರ್ಕಾರದ್ದು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟ ಮೇಲೆ, ಅದೇ ಸೆಪ್ಟೆಂಬರ್‌ನಲ್ಲಿ 11,133 ಜನರನ್ನು ಕಾಯಂ ಮಾಡಲು ಒಪ್ಪಿದ್ದು ಮತ್ತೊಂದು ಪಕ್ಷದ ಸಂಪುಟ. ಮುಷ್ಕರ ಬಿಗಿಯಾಗಿದ್ದಾಗ ಎರಡೂ ಪಕ್ಷ ಬಗ್ಗಿವೆ ಎಂದೇ ನಾನು ಓದಿಕೊಳ್ಳುವುದು. ಆಗ ಹೊರಗುಳಿದವರು ಡ್ರೈವರ್, ಲೋಡರ್‌ಗಳು. ಗುತ್ತಿಗೆ ಉಳಿದದ್ದೂ ಅವರ ತಲೆಯ ಮೇಲೆಯೇ. ಸಾರಿಗೆ ನೌಕರರ ಕಥೆ ಇದಕ್ಕೆ ತಿರುಗಮುರುಗ. 2020ರ ಜನವರಿಯಿಂದ ಆಗಬೇಕಿದ್ದ ವೇತನ ಪರಿಷ್ಕರಣೆಗೆ ಹೋಗುವ ಸರ್ಕಾರ 2023ರ ಮಾರ್ಚ್‌ನಲ್ಲಿ ಸಹಿ ಹಾಕಿತು, 38 ತಿಂಗಳ ಬಾಕಿ ಬರುವ ಸರ್ಕಾರದ ಕೊರಳಿಗೆ ಬಿತ್ತು. ಅದೇ ಬಾಕಿಗಾಗಿ 2025ರ ಆಗಸ್ಟ್ 5ರಂದು ಮತ್ತೆ ಬಸ್ ನಿಂತವು.

ಹೊರಗುತ್ತಿಗೆಯಲ್ಲಿ ಇರುವವರು ಚುನಾವಣೆಗೆ ಕಾಯಬೇಕಿಲ್ಲ. ಯುಎಎನ್‌ಗೆ ಜೋಡಿಸಿದ ಮೊಬೈಲ್‌ನಿಂದ 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಜಮೆ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಯುಎಎನ್ ಚಾಲೂ ಆಗಿರಬೇಕು, ಕೆವೈಸಿ ಆಗಿರಬೇಕು. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ತುಂಬಬೇಕು. ಪಾಸ್‌ಬುಕ್‌ನಲ್ಲಿ ಜಮೆಗಿಂತ ಮೊದಲು ವೇತನದ ಅಂಕಿ ನೋಡಿ. ಅಲ್ಲಿ 7,500 ಕಂಡರೆ ಆಟ ಅಲ್ಲೇ ಇದೆ.

ಆಮೇಲೆ ಇಲಾಖೆಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಒಳಗೆ. ಕೇಳಬೇಕಾದ್ದು ಆ ತಿಂಗಳ ಬಿಲ್, ಅದಕ್ಕೆ ಲಗತ್ತಿಸಿದ ಇಸಿಆರ್, ಹಾಜರಿ ಪಟ್ಟಿ. 'ವೈಯಕ್ತಿಕ ಮಾಹಿತಿ' ಎಂದು ತಳ್ಳಿಹಾಕುವುದು ಮಾಮೂಲಿ ನೆಪ. ಹಾಗಾಗಿ ಉಳಿದವರ ಹೆಸರು, ಖಾತೆ ಸಂಖ್ಯೆ ಮುಚ್ಚಿ ಕೊಟ್ಟರೂ ಸಾಕು ಎಂದು ಅರ್ಜಿಯಲ್ಲೇ ಬರೆಯಿರಿ. ತಲೆಗಳ ಎಣಿಕೆ ಮತ್ತು ದಿನಗಳ ಕಾಲಂ ಸಿಕ್ಕರೆ ಕೆಲಸವಾಯಿತು. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೊಡುವ ಹೊಣೆ ಮೂಲ ಉದ್ಯೋಗದಾತನದು, ಅಂದರೆ ಇಲಾಖೆಯದೇ. ಈ ಹಕ್ಕೊತ್ತಾಯವನ್ನು ಟೆಂಡರ್ ಅವಧಿ ಮುಗಿಯುವ ಮೊದಲೇ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅವಧಿ ಮುಗಿದ ಮೇಲೆ ಏಜೆನ್ಸಿಯ ಭದ್ರತಾ ಠೇವಣಿ ವಾಪಸ್ ಹೋಗುತ್ತದೆ, ಹಿಡಿದುಕೊಳ್ಳಲು ಇಲಾಖೆಯ ಕೈಯಲ್ಲಿ ಏನೂ ಉಳಿಯುವುದಿಲ್ಲ.